ಪೇಟೆಂಟು: ಆವಿಷ್ಕರ್ತನ ಹಕ್ಕು, ಸಮಾಜದ ಪಾಲು

ಪಾರಸಿಕ್ ಬೆಟ್ಟದ ತಪ್ಪಲಿನಲ್ಲಿರುವ ಮುಂಬ್ರಾ, ಠಾಣೆ ಮಹಾನಗರಪಾಲಿಕೆಗೆ ಸೇರಿದ ಜನನಿಬಿಡ ಪ್ರದೇಶ. ಅದರ ಒಂದು ಕಡೆ ಠಾಣೆ, ಇನ್ನೊಂದು ಕಡೆ ಡೊಂಬಿವಲಿ ಮತ್ತು ಕಲ್ಯಾಣ. ಬೆಟ್ಟದ ಆಚೆಗೆ ನವಿ ಮುಂಬಯಿ. ಉದ್ಯೋಗವನ್ನು ಅರಸಿ ದೇಶದ ನಾನಾ ಭಾಗಗಳಿಂದ ಬಂದವರು ಈ ಪಟ್ಟಣಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಕರಾವಳಿ ಹಾಗೂ ಉತ್ತರ ಕರ್ನಾಟಕದಿಂದ ಬಂದ ಕನ್ನಡ ಕುಟುಂಬಗಳೂ ಇವೆ. ಇಲ್ಲಿನ ಜನರು ಬೆಳಿಗ್ಗೆ ಏರುವ ರೈಲು, ಕಾಯಿಲೆ ಬಿದ್ದಾಗ ನುಂಗುವ ಗುಳಿಗೆ, ಮನೆಯಲ್ಲಿ ರೋಗಿಯ ಆರೈಕೆಗೆ ಬಳಸುವ ಸಾಧನ, ಈ ಮೂರರ ಹಿಂದೆಯೂ ಅನೇಕ ಆವಿಷ್ಕಾರಗಳಿವೆ. ಅವುಗಳಲ್ಲಿ ಹಲವಕ್ಕೆ ಪೇಟೆಂಟು ಎಂಬ ಕಾನೂನಿನ ರಕ್ಷಣೆ ಇದೆ, ಅಥವಾ ಹಿಂದೆ ಇತ್ತು.

ಪೇಟೆಂಟು ಎಂಬ ಪದ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆಯಾದರೂ ಅದು ವಿಜ್ಞಾನಿಗಳಿಗೂ ವಕೀಲರಿಗೂ ದೊಡ್ಡ ಕಂಪನಿಗಳಿಗೂ ಸಂಬಂಧಿಸಿದ ವಿಷಯವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಒಂದು ಔಷಧಿ ಬಡವನ ಕೈಗೆ ನಿಲುಕುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಅಂಶಗಳಲ್ಲಿ ಪೇಟೆಂಟು ಮುಖ್ಯವಾದದ್ದು. ಸಣ್ಣ ಕಾರ್ಯಾಗಾರದಲ್ಲಿ ಹೊಸ ಯಂತ್ರವೊಂದನ್ನು ರೂಪಿಸಿದ ಕುಶಲಕರ್ಮಿಗೆ ಅವನ ಶ್ರಮದ ಫಲ ದೊರೆಯುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಆದ್ದರಿಂದ ಈ ವ್ಯವಸ್ಥೆಯ ಸ್ವರೂಪವನ್ನು ಪ್ರತಿಯೊಬ್ಬ ನಾಗರಿಕನೂ ಅರಿತಿರುವುದು ಒಳ್ಳೆಯದು.

ಪೇಟೆಂಟು ಎಂದರೇನು?

ಹೊಸ ವಸ್ತುವನ್ನಾಗಲಿ, ವಸ್ತುವನ್ನು ತಯಾರಿಸುವ ಹೊಸ ವಿಧಾನವನ್ನಾಗಲಿ ಕಂಡುಹಿಡಿದವನಿಗೆ ಸರ್ಕಾರವು ನಿಯಮಿತ ಅವಧಿಗೆ ನೀಡುವ ಹಕ್ಕೇ ಪೇಟೆಂಟು. ಈ ಅವಧಿಯಲ್ಲಿ ಆವಿಷ್ಕರ್ತನ ಅನುಮತಿಯಿಲ್ಲದೆ ಬೇರೆಯವರು ಆ ವಸ್ತುವನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಆಮದು ಮಾಡಿಕೊಳ್ಳುವಂತೆಯೂ ಇಲ್ಲ. ಭಾರತದಲ್ಲಿ ಈ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳು. ಹಕ್ಕು ಊರ್ಜಿತವಾಗಿರಬೇಕಾದರೆ ಮೂರನೆಯ ವರ್ಷದಿಂದ ನವೀಕರಣ ಶುಲ್ಕವನ್ನು ಸಲ್ಲಿಸುತ್ತಿರಬೇಕು.

ಈ ಹಕ್ಕಿಗೆ ಪ್ರತಿಯಾಗಿ ಆವಿಷ್ಕರ್ತನು ಸಮಾಜಕ್ಕೆ ಒಂದನ್ನು ಕೊಡಬೇಕಾಗುತ್ತದೆ. ತನ್ನ ಆವಿಷ್ಕಾರವನ್ನು ಆ ವಿಷಯದಲ್ಲಿ ಪರಿಣತಿಯುಳ್ಳ ಬೇರೊಬ್ಬನು ಓದಿ, ಅದರಂತೆ ಮಾಡಿ ನೋಡಲು ಸಾಧ್ಯವಾಗುವಷ್ಟು ಸ್ಪಷ್ಟವಾಗಿ ಬರೆದು ಒಪ್ಪಿಸಬೇಕು. ಏನನ್ನೂ ಮುಚ್ಚಿಡುವಂತಿಲ್ಲ. ಈ ವಿವರಣೆ ಪ್ರಕಟವಾಗುತ್ತದೆ. ಯಾರು ಬೇಕಾದರೂ ಅದನ್ನು ಓದಬಹುದು. ಅವಧಿ ಮುಗಿದೊಡನೆ ಆವಿಷ್ಕಾರವು ಸಾರ್ವಜನಿಕ ಸ್ವತ್ತಾಗುತ್ತದೆ. ಹಿಂದಿನ ಕಾಲದಲ್ಲಿ ಎಷ್ಟೋ ಕುಶಲ ವಿದ್ಯೆಗಳು ತಂದೆಯಿಂದ ಮಗನಿಗೆ ಗುಟ್ಟಾಗಿ ಸಾಗಿ, ವಂಶದೊಂದಿಗೆ ನಶಿಸಿಹೋದವು. ಗುಟ್ಟನ್ನು ಬಿಟ್ಟುಕೊಟ್ಟವನಿಗೆ ಕೆಲಕಾಲದ ಏಕಸ್ವಾಮ್ಯವನ್ನು ನೀಡಿ, ಜ್ಞಾನವನ್ನು ಎಲ್ಲರಿಗೂ ಉಳಿಸಿಕೊಳ್ಳುವುದೇ ಪೇಟೆಂಟು ಪದ್ಧತಿಯ ಮೂಲ ತತ್ತ್ವ.

ಪಂಖದಿಂದ ಪ್ರಾರಂಭ

ಭಾರತದ ಮೊದಲ ಪೇಟೆಂಟು ಕಾನೂನು 1856ರಲ್ಲಿ ಜಾರಿಗೆ ಬಂದಿತು. ಅದೇ ವರ್ಷದ ಮಾರ್ಚ್ 3ರಂದು ಕಲ್ಕತ್ತೆಯ ಜಾರ್ಜ್ ಆಲ್‌ಫ್ರೆಡ್ ಡಿಪೆನ್ನಿಂಗ್ ಎಂಬ ಇಂಜಿನಿಯರ್ ಮೊದಲ ಅರ್ಜಿಯನ್ನು ಸಲ್ಲಿಸಿದರು. ಅದು ಪಂಖ ಎಳೆಯುವ ಯಂತ್ರಕ್ಕೆ ಸಂಬಂಧಿಸಿದ್ದಾಗಿತ್ತು. ವಿದ್ಯುಚ್ಛಕ್ತಿ ಇಲ್ಲದ ಆ ದಿನಗಳಲ್ಲಿ ಛಾವಣಿಗೆ ತೂಗುಹಾಕಿದ ಬಟ್ಟೆಯ ಪಂಖಗಳನ್ನು ಆಳುಗಳು ಹಗ್ಗ ಹಿಡಿದು ಹಗಲಿರುಳು ಎಳೆಯಬೇಕಾಗಿತ್ತು. 1911ರಲ್ಲಿ ಭಾರತೀಯ ಪೇಟೆಂಟು ಮತ್ತು ವಿನ್ಯಾಸ ಕಾಯಿದೆ ರೂಪುಗೊಂಡು ಹಿಂದಿನ ಕಾನೂನುಗಳ ಸ್ಥಾನವನ್ನು ಪಡೆಯಿತು.

ಸ್ವಾತಂತ್ರ್ಯ ಬಂದಾಗ ಔಷಧಿಗಳ ಬೆಲೆ ಭಾರತದಲ್ಲಿ ಬಹಳ ಹೆಚ್ಚಾಗಿತ್ತು. ಪೇಟೆಂಟುಗಳಲ್ಲಿ ಹೆಚ್ಚಿನವು ವಿದೇಶೀಯರ ಕೈಯಲ್ಲಿದ್ದವು. ಈ ಪರಿಸ್ಥಿತಿಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ವರದಿಯನ್ನು ಒಪ್ಪಿಸಿದರು. ಅದರ ಆಧಾರದ ಮೇಲೆ ರಚಿತವಾದ 1970ರ ಪೇಟೆಂಟು ಕಾಯಿದೆಯು 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. ಆಹಾರ ಮತ್ತು ಔಷಧಿಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟು ಇಲ್ಲ, ತಯಾರಿಕೆಯ ವಿಧಾನಕ್ಕೆ ಮಾತ್ರ ಉಂಟು ಎಂಬುದು ಈ ಕಾಯಿದೆಯ ವಿಶೇಷ. ಒಂದೇ ಔಷಧಿಯನ್ನು ಬೇರೊಂದು ವಿಧಾನದಿಂದ ತಯಾರಿಸಲು ಇದರಿಂದ ಅವಕಾಶವಾಯಿತು. ಭಾರತದ ಔಷಧಿ ಉದ್ಯಮವು ಕಡಿಮೆ ಬೆಲೆಯ ಔಷಧಿಗಳಿಗಾಗಿ ಜಗತ್ತಿನಲ್ಲೆಲ್ಲ ಹೆಸರು ಗಳಿಸಲು ಈ ಕಾಯಿದೆ ಬಹುಮುಖ್ಯ ಕಾರಣವಾಯಿತು.

1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂದ ಮೇಲೆ ಸದಸ್ಯ ರಾಷ್ಟ್ರಗಳೆಲ್ಲವೂ ತಮ್ಮ ಕಾನೂನುಗಳನ್ನು ಒಂದು ಕನಿಷ್ಠ ಮಟ್ಟಕ್ಕೆ ತರಬೇಕಾಯಿತು. ಭಾರತವು 1999, 2002 ಹಾಗೂ 2005ರಲ್ಲಿ ತನ್ನ ಕಾಯಿದೆಗೆ ತಿದ್ದುಪಡಿ ಮಾಡಿತು. 2005ರ ಜನವರಿ 1ರಿಂದ ಔಷಧಿಗಳಿಗೂ ವಸ್ತು ಪೇಟೆಂಟು ದೊರೆಯತೊಡಗಿತು. ಆದರೆ ಸಾರ್ವಜನಿಕರ ಆರೋಗ್ಯವನ್ನು ಕಾಪಾಡುವ ಕೆಲವು ಕಟ್ಟುಪಾಡುಗಳನ್ನು ಸಂಸತ್ತು ಕಾಯಿದೆಯಲ್ಲಿ ಉಳಿಸಿಕೊಂಡಿತು, ಹೊಸದಾಗಿಯೂ ಸೇರಿಸಿತು.

ಯಾವುದಕ್ಕೆ ದೊರೆಯುತ್ತದೆ, ಯಾವುದಕ್ಕೆ ಇಲ್ಲ

ಪೇಟೆಂಟು ಪಡೆಯಲು ಆವಿಷ್ಕಾರವು ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಮೊದಲನೆಯದು ನವೀನತೆ: ಅದು ಜಗತ್ತಿನಲ್ಲಿ ಎಲ್ಲಿಯೂ ಹಿಂದೆ ಪ್ರಕಟವಾಗಿರಬಾರದು. ಎರಡನೆಯದು ಸೃಜನಶೀಲ ಹೆಜ್ಜೆ: ಆ ಕ್ಷೇತ್ರದ ಪರಿಣತನಿಗೆ ಸಹಜವಾಗಿ ತೋಚುವಂಥದ್ದಾಗಿರಬಾರದು. ಮೂರನೆಯದು ಔದ್ಯಮಿಕ ಉಪಯುಕ್ತತೆ: ಅದನ್ನು ತಯಾರಿಸಲು ಅಥವಾ ಬಳಸಲು ಸಾಧ್ಯವಿರಬೇಕು.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. 2025ರ ಜೂನ್ 9ರಂದು ಮುಂಬ್ರಾದ ಬಳಿ ತಿರುವಿನಲ್ಲಿ ಎರಡು ಲೋಕಲ್ ಗಾಡಿಗಳು ಎದುರುಬದುರಾಗಿ ಹಾದುಹೋಗುತ್ತಿದ್ದಾಗ ಬಾಗಿಲುಗಳಲ್ಲಿ ಜೋತಾಡುತ್ತಿದ್ದ ಪ್ರಯಾಣಿಕರು ಕೆಳಗೆ ಬಿದ್ದು, ಹಲವರು ಪ್ರಾಣ ಕಳೆದುಕೊಂಡರು. ಇದಾದ ಮೇಲೆ ಹವಾನಿಯಂತ್ರಣವಿಲ್ಲದ ಲೋಕಲ್ ಗಾಡಿಗಳಿಗೂ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸುವ ವಿನ್ಯಾಸವನ್ನು ರೈಲ್ವೆ ಇಲಾಖೆ ಪ್ರಕಟಿಸಿತು. ಕಿಕ್ಕಿರಿದ ಗಾಡಿಯ ಬಾಗಿಲು ಮುಚ್ಚಿದರೆ ಉಸಿರುಗಟ್ಟುವ ಭಯವಿರುತ್ತದೆ. ಆದುದರಿಂದ ಬಾಗಿಲಿಗೆ ಗಾಳಿಯಾಡುವ ಪಟ್ಟಿಗಳು, ಛಾವಣಿಯ ಮೇಲೆ ಗಾಳಿ ತಳ್ಳುವ ಯಂತ್ರ, ಡಬ್ಬಿಯಿಂದ ಡಬ್ಬಿಗೆ ಸಾಗಲು ದಾರಿ, ಇವು ಆ ವಿನ್ಯಾಸದಲ್ಲಿ ಸೇರಿದ್ದವು. ತಾನಾಗಿ ಮುಚ್ಚುವ ಬಾಗಿಲಿಗೆ ಇಂದು ಯಾರೂ ಪೇಟೆಂಟು ಕೇಳುವಂತಿಲ್ಲ, ಅದು ಹಳೆಯದು. ಬಾಗಿಲಿನ ಪಕ್ಕದಲ್ಲಿ ಪಂಖ ಇರಿಸಿ ಎರಡೂ ತಮ್ಮ ತಮ್ಮ ಕೆಲಸವನ್ನಷ್ಟೇ ಮಾಡುತ್ತಿದ್ದರೆ ಅದು ಜೋಡಣೆ ಮಾತ್ರ, ಆವಿಷ್ಕಾರವಲ್ಲ. ಆದರೆ ಜನಸಂದಣಿಗೆ ತಕ್ಕಂತೆ ಗಾಳಿಯ ಪ್ರಮಾಣವನ್ನು ಹೊಂದಿಸುವ, ಹಿಂದೆ ಯಾರಿಗೂ ತೋಚದ ಏರ್ಪಾಡನ್ನು ಒಬ್ಬನು ಕಂಡುಹಿಡಿದನೆಂದರೆ, ಆ ಏರ್ಪಾಡಿಗೆ ಪೇಟೆಂಟು ಕೋರಬಹುದು.

ಕಾಯಿದೆಯ 3ನೆಯ ವಿಧಿಯು ಪೇಟೆಂಟಿಗೆ ಅರ್ಹವಲ್ಲದ ಸಂಗತಿಗಳನ್ನು ಪಟ್ಟಿ ಮಾಡುತ್ತದೆ. ಪ್ರಕೃತಿ ನಿಯಮಗಳಿಗೆ ವಿರುದ್ಧವಾದ ಸಾಧನಗಳು, ವೈಜ್ಞಾನಿಕ ತತ್ತ್ವದ ಶೋಧ, ಬೇಸಾಯದ ಕ್ರಮಗಳು, ರೋಗಿಗಳಿಗೆ ಚಿಕಿತ್ಸೆ ನೀಡುವ ಅಥವಾ ಶಸ್ತ್ರಕ್ರಿಯೆ ಮಾಡುವ ವಿಧಾನಗಳು, ಪಾರಂಪರಿಕ ಜ್ಞಾನ, ಇವೆಲ್ಲ ಇದರಲ್ಲಿ ಸೇರಿವೆ. ವೈದ್ಯನೊಬ್ಬ ಹೊಸ ಶಸ್ತ್ರಕ್ರಿಯೆಯ ಕ್ರಮವನ್ನು ಕಂಡುಹಿಡಿದರೆ ಅದಕ್ಕೆ ಪೇಟೆಂಟು ಇಲ್ಲ. ಅದಕ್ಕಾಗಿ ಹೊಸ ಉಪಕರಣವನ್ನು ರೂಪಿಸಿದರೆ ಆ ಉಪಕರಣಕ್ಕೆ ದೊರೆಯಬಹುದು.

ಪಾರಂಪರಿಕ ಜ್ಞಾನದ ವಿಷಯದಲ್ಲಿ ಅರಿಶಿನದ ಪ್ರಕರಣ ಪ್ರಸಿದ್ಧವಾಗಿದೆ. ಗಾಯ ಮಾಯುವುದಕ್ಕೆ ಅರಿಶಿನದ ಬಳಕೆಯ ಮೇಲೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟು ನೀಡಲಾಗಿತ್ತು. ಭಾರತದ ಮನೆಮನೆಯಲ್ಲಿ ತಿಳಿದಿದ್ದ ಈ ಮದ್ದಿನಲ್ಲಿ ಹೊಸತೇನೂ ಇಲ್ಲವೆಂದು ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳ ಆಧಾರ ಸಹಿತ ತಕರಾರು ಸಲ್ಲಿಸಿತು. 1997ರಲ್ಲಿ ಆ ಪೇಟೆಂಟು ರದ್ದಾಯಿತು. ಲಿಖಿತ ದಾಖಲೆಗೆ ಇರುವ ಬೆಲೆಯನ್ನು ಈ ಪ್ರಕರಣ ಎತ್ತಿ ತೋರಿಸಿತು.

ಇಂಜಿನಿಯರಿಂಗ್: ರೈಲು ಡಿಕ್ಕಿ ತಡೆಯುವ ಸಾಧನ

ಮುಂಬ್ರಾದಿಂದ ಮುಂದಿನ ನಿಲ್ದಾಣ ದಿವಾ. ಅಲ್ಲಿಂದ ಪನ್ವೇಲ್ ಮಾರ್ಗವಾಗಿ ಕವಲೊಡೆಯುವ ಹಳಿಯು ರೋಹಾದಲ್ಲಿ ಕೊಂಕಣ ರೈಲ್ವೆಯನ್ನು ಸೇರುತ್ತದೆ. 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದ ಈ ಮಾರ್ಗವು ಕಾರವಾರ, ಉಡುಪಿ, ಮಂಗಳೂರುಗಳನ್ನು ಮುಂಬಯಿಗೆ ಹತ್ತಿರ ತಂದಿತು. ಡೊಂಬಿವಲಿ, ಠಾಣೆಗಳ ತುಳುವರೂ ಕನ್ನಡಿಗರೂ ಊರಿಗೆ ಹೋಗಿ ಬರುವ ದಾರಿ ಇದೇ. ಕೊಂಕಣ ರೈಲ್ವೆ ನಿಗಮದ ಪ್ರಧಾನ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿದೆ.

1999ರ ಆಗಸ್ಟ್ 2ರಂದು ಪಶ್ಚಿಮ ಬಂಗಾಳದ ಗೈಸಾಲ್‌ನಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದು ಇನ್ನೂರೈವತ್ತಕ್ಕೂ ಹೆಚ್ಚು ಜನರು ಮೃತಪಟ್ಟರು. ಆ ಬಳಿಕ ಕೊಂಕಣ ರೈಲ್ವೆ ನಿಗಮವು ಬಿ. ರಾಜಾರಾಂ ಅವರ ನೇತೃತ್ವದಲ್ಲಿ ಡಿಕ್ಕಿ ನಿರೋಧಕ ಸಾಧನವನ್ನು ಅಭಿವೃದ್ಧಿಪಡಿಸಿ ಅದಕ್ಕೆ ಪೇಟೆಂಟು ಪಡೆಯಿತು. ಅದರ ಕಾರ್ಯವಿಧಾನ ಹೀಗೆ: ಎಂಜಿನ್, ಗಾರ್ಡ್ ಡಬ್ಬಿ, ನಿಲ್ದಾಣ ಹಾಗೂ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಪೆಟ್ಟಿಗೆಗಳನ್ನು ಇರಿಸಲಾಗುತ್ತದೆ. ಎಂಜಿನ್ನಿನ ಪೆಟ್ಟಿಗೆ ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಳವನ್ನೂ ವೇಗವನ್ನೂ ತಿಳಿದುಕೊಳ್ಳುತ್ತದೆ. ಸುಮಾರು 3 ಕಿಲೋಮೀಟರ್ ವ್ಯಾಪ್ತಿಯೊಳಗಿನ ಪೆಟ್ಟಿಗೆಗಳು ರೇಡಿಯೋ ಮೂಲಕ ಪರಸ್ಪರ ಸಂದೇಶ ವಿನಿಮಯ ಮಾಡಿಕೊಳ್ಳುತ್ತವೆ. ಎರಡು ಗಾಡಿಗಳು ಅಪಾಯಕರವಾಗಿ ಸಮೀಪಿಸುತ್ತಿವೆ ಎಂದು ಕಂಡುಬಂದರೆ ಚಾಲಕನನ್ನು ಕಾಯದೆ ಬ್ರೇಕು ಹಾಕಲಾಗುತ್ತದೆ.

ಈ ಸಾಧನವನ್ನು ಈಶಾನ್ಯ ಗಡಿ ರೈಲ್ವೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಅಳವಡಿಸಿ ಪರೀಕ್ಷಿಸಲಾಯಿತು. ಬಳಕೆಯಲ್ಲಿ ಕೆಲವು ತೊಡಕುಗಳು ಕಂಡುಬಂದವು. ಒತ್ತೊತ್ತಾಗಿ ಹಾದುಹೋಗುವ ಹಳಿಗಳಲ್ಲಿ ಗಾಡಿ ಯಾವ ಹಳಿಯ ಮೇಲಿದೆ ಎಂಬುದನ್ನು ಉಪಗ್ರಹದ ಸಂಕೇತವೊಂದರಿಂದಲೇ ಖಚಿತಪಡಿಸಿಕೊಳ್ಳುವುದು ಸುಲಭವಲ್ಲ. ಮುಂದೆ ರೈಲ್ವೆಯ ಸಂಶೋಧನಾ ಸಂಸ್ಥೆಯು ಹಳಿಗಳ ನಡುವೆ ಗುರುತಿನ ಬಿಲ್ಲೆಗಳನ್ನು ಹುದುಗಿಸಿ, ಸಿಗ್ನಲ್ ವ್ಯವಸ್ಥೆಯೊಂದಿಗೂ ಸಂಪರ್ಕ ಕಲ್ಪಿಸಿದ ಬೇರೊಂದು ಪದ್ಧತಿಯನ್ನು ರೂಪಿಸಿತು. ‘ಕವಚ್’ ಎಂಬ ಹೆಸರಿನ ಈ ಪದ್ಧತಿಯನ್ನು 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕರಿಸಲಾಯಿತು.

ಇದರಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಪೇಟೆಂಟು ಎಂಬುದು ಆವಿಷ್ಕಾರ ಹೊಸದೆಂಬುದಕ್ಕೆ ಪ್ರಮಾಣವೇ ಹೊರತು ಅದು ಎಲ್ಲ ಸಂದರ್ಭಗಳಲ್ಲೂ ಸಮರ್ಪಕವಾಗಿ ನಡೆಯುತ್ತದೆ ಎಂಬುದಕ್ಕೆ ಭರವಸೆಯಲ್ಲ. ಔಷಧಿಗಳ ವಿಷಯದಲ್ಲಿಯೂ ಹೀಗೆಯೇ: ಪೇಟೆಂಟು ಇದ್ದ ಮಾತ್ರಕ್ಕೆ ಮಾರಲು ಅನುಮತಿ ದೊರೆಯುವುದಿಲ್ಲ, ಸುರಕ್ಷತೆಯನ್ನು ಪರಿಶೀಲಿಸುವ ಅಧಿಕಾರ ಔಷಧ ನಿಯಂತ್ರಣ ಸಂಸ್ಥೆಗೆ ಸೇರಿದ್ದು. ಎರಡನೆಯದಾಗಿ, ಪೇಟೆಂಟು ವಿವರಣೆಗಳು ಪ್ರಕಟವಾಗುವುದರಿಂದ ಒಬ್ಬರ ಪ್ರಯತ್ನದ ಗುಣದೋಷಗಳು ಮುಂದಿನವರಿಗೆ ಪಾಠವಾಗುತ್ತವೆ.

ವೈದ್ಯಕೀಯ: ಗುಳಿಗೆಯ ಬೆಲೆ ಮತ್ತು ಪ್ರಾಣದ ಬೆಲೆ

ಕ್ಷಯರೋಗವು ಗಾಳಿಯಿಂದ ಹರಡುವ ಕಾಯಿಲೆ. ಇಕ್ಕಟ್ಟಾದ ವಸತಿಗಳಿರುವ ಕಡೆಗಳಲ್ಲಿ ಅದರ ಹಾವಳಿ ಹೆಚ್ಚು. ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ಎಂಬ ಎರಡು ಪ್ರಮುಖ ಔಷಧಿಗಳಿಗೂ ಬಗ್ಗದ ರೋಗಾಣುಗಳಿಂದ ಬರುವ ಕ್ಷಯವನ್ನು ಬಹುಔಷಧ ನಿರೋಧಕ ಕ್ಷಯ ಎನ್ನಲಾಗುತ್ತದೆ. ಇದಕ್ಕೆ ಬಹುಕಾಲ ತಿಂಗಳುಗಟ್ಟಲೆ ಚುಚ್ಚುಮದ್ದು ನೀಡಬೇಕಾಗಿತ್ತು. ಕನಾಮೈಸಿನ್ ಮೊದಲಾದ ಆ ಮದ್ದುಗಳು ರೋಗಾಣುವನ್ನು ಕೊಲ್ಲುವಾಗಲೇ ಒಳಗಿವಿಯ ಸೂಕ್ಷ್ಮ ಕೋಶಗಳನ್ನೂ ಹಾಳುಮಾಡಿ ಅನೇಕರನ್ನು ಶಾಶ್ವತವಾಗಿ ಕಿವುಡರನ್ನಾಗಿಸಿದವು.

ಬೆಡಾಕ್ವಿಲಿನ್ ಎಂಬ ಗುಳಿಗೆ ಈ ಸ್ಥಿತಿಯನ್ನು ಬದಲಾಯಿಸಿತು. ರೋಗಾಣುವಿನ ಶಕ್ತಿ ಉತ್ಪಾದನೆಯನ್ನೇ ತಡೆದು ಅದನ್ನು ಕೊಲ್ಲುವ ಈ ಔಷಧಿಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ 2016ರಿಂದ ಸರ್ಕಾರಿ ಕ್ಷಯ ಕಾರ್ಯಕ್ರಮದ ಮೂಲಕ ಅದನ್ನು ಸೀಮಿತವಾಗಿ ನೀಡಲಾರಂಭಿಸಲಾಯಿತು. ಅದರ ಮೂಲ ಪೇಟೆಂಟು 2023ರ ಜುಲೈಯಲ್ಲಿ ಮುಗಿಯುವುದಿತ್ತು. ಅದೇ ಔಷಧಿಯ ಲವಣರೂಪಕ್ಕೆ, ಅಂದರೆ ಫ್ಯೂಮರೇಟ್ ರೂಪಕ್ಕೆ, ಇನ್ನೊಂದು ಪೇಟೆಂಟು ಕೋರಿ ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಕಂಪನಿ ಮುಂಬಯಿ ಪೇಟೆಂಟು ಕಚೇರಿಗೆ ಅರ್ಜಿ ಸಲ್ಲಿಸಿತ್ತು. ಅದು ಮಂಜೂರಾಗಿದ್ದರೆ ಏಕಸ್ವಾಮ್ಯವು 2027ರವರೆಗೆ ಮುಂದುವರಿಯುತ್ತಿತ್ತು.

ಪೇಟೆಂಟು ಮಂಜೂರಾಗುವ ಮುನ್ನ ಯಾರು ಬೇಕಾದರೂ ತಕರಾರು ಸಲ್ಲಿಸಬಹುದೆಂದು ಕಾಯಿದೆಯ 25ನೆಯ ವಿಧಿ ಹೇಳುತ್ತದೆ. ಅದರಂತೆ ಇಬ್ಬರು ಮಹಿಳೆಯರು 2019ರಲ್ಲಿ ಈ ಅರ್ಜಿಯನ್ನು ವಿರೋಧಿಸಿದರು. ಒಬ್ಬರು ಮುಂಬಯಿಯ ನಂದಿತಾ ವೆಂಕಟೇಶನ್, ಇನ್ನೊಬ್ಬರು ದಕ್ಷಿಣ ಆಫ್ರಿಕದ ಫುಮೆಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಗುಣಮುಖರಾದವರು. ಹಳೆಯ ಚಿಕಿತ್ಸೆಯ ಫಲವಾಗಿ ಇಬ್ಬರೂ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದರು. ಗೊತ್ತಿರುವ ಔಷಧಿಯನ್ನು ಗೊತ್ತಿರುವ ಕ್ರಮದಿಂದ ಲವಣವಾಗಿ ಮಾರ್ಪಡಿಸುವುದು ಆವಿಷ್ಕಾರವಲ್ಲವೆಂಬುದು ಅವರ ವಾದದ ತಿರುಳು. 2023ರ ಮಾರ್ಚ್ 23ರಂದು ಪೇಟೆಂಟು ಕಚೇರಿಯು ಅರ್ಜಿಯನ್ನು ತಿರಸ್ಕರಿಸಿತು. ಮೂಲ ಪೇಟೆಂಟಿನ ಅವಧಿ ಮುಗಿದೊಡನೆ ಭಾರತದ ಕಂಪನಿಗಳು ಈ ಗುಳಿಗೆಯನ್ನು ತಯಾರಿಸಲು ದಾರಿ ತೆರೆಯಿತು. ಅಂತಾರಾಷ್ಟ್ರೀಯ ಖರೀದಿಯಲ್ಲಿ ಅದರ ಬೆಲೆ ಅದೇ ವರ್ಷ ಇಳಿಯಿತು. 2024ರಲ್ಲಿ ಬೆಡಾಕ್ವಿಲಿನ್ ಸೇರಿದ ನಾಲ್ಕು ಔಷಧಿಗಳ, ಚುಚ್ಚುಮದ್ದಿಲ್ಲದ, ಆರು ತಿಂಗಳ ಚಿಕಿತ್ಸಾಕ್ರಮಕ್ಕೆ ಭಾರತ ಸರ್ಕಾರವು ಒಪ್ಪಿಗೆ ನೀಡಿತು.

ಇಂತಹ ತೀರ್ಮಾನಕ್ಕೆ ಆಧಾರವಾಗುವ ನಿಯಮ 3ನೆಯ ವಿಧಿಯ ‘ಡಿ’ ಉಪವಿಧಿಯಲ್ಲಿದೆ. ಗೊತ್ತಿರುವ ವಸ್ತುವಿನ ಹೊಸ ರೂಪವು ಗುಣದಲ್ಲಿ ಗಣನೀಯವಾಗಿ ಮೇಲಾಗಿದ್ದಲ್ಲದೆ ಪೇಟೆಂಟಿಗೆ ಅರ್ಹವಲ್ಲವೆಂದು ಅದು ವಿಧಿಸುತ್ತದೆ. ರಕ್ತದ ಕ್ಯಾನ್ಸರಿನ ಗ್ಲೀವೆಕ್ ಔಷಧಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ಈ ನಿಯಮವನ್ನು ಎತ್ತಿಹಿಡಿದು ನೋವಾರ್ಟಿಸ್ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು.

ಪೇಟೆಂಟು ಮಂಜೂರಾದ ಮೇಲೆಯೂ ಜನಹಿತದ ಬಾಗಿಲು ಮುಚ್ಚುವುದಿಲ್ಲ. ಮಂಜೂರಾಗಿ ಮೂರು ವರ್ಷಗಳ ಅನಂತರ, ಆ ವಸ್ತು ಜನರಿಗೆ ಸಾಕಷ್ಟು ದೊರೆಯುತ್ತಿಲ್ಲ, ಬೆಲೆ ನಿಲುಕುತ್ತಿಲ್ಲ ಅಥವಾ ಭಾರತದಲ್ಲಿ ಬಳಕೆಗೆ ಬಂದಿಲ್ಲ ಎಂದು ಕಂಡುಬಂದರೆ ಬೇರೊಬ್ಬರಿಗೆ ತಯಾರಿಕೆಯ ಕಡ್ಡಾಯ ಪರವಾನಗಿ ನೀಡಲು 84ನೆಯ ವಿಧಿ ಅವಕಾಶ ಕಲ್ಪಿಸಿದೆ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಬಳಸುವ ಸೊರಾಫೆನಿಬ್ ಔಷಧಿಯನ್ನು ಬೇಯರ್ ಕಂಪನಿಯು ಒಂದು ತಿಂಗಳಿಗೆ ಸುಮಾರು 2,80,000 ರೂಪಾಯಿಗೆ ಮಾರುತ್ತಿತ್ತು. 2012ರ ಮಾರ್ಚ್ 9ರಂದು ಪೇಟೆಂಟು ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ನೀಡಿ, ತಿಂಗಳಿಗೆ 8,880 ರೂಪಾಯಿಯ ಬೆಲೆ ನಿಗದಿಪಡಿಸಿದರು. ಪೇಟೆಂಟುದಾರನ ಹಕ್ಕನ್ನು ಕಸಿದುಕೊಳ್ಳಲಿಲ್ಲ. ಮಾರಾಟದ ಮೇಲೆ 6 ಶೇಕಡ ಗೌರವಧನ ಸಲ್ಲಿಸುವಂತೆ ಆಜ್ಞಾಪಿಸಲಾಯಿತು, ಮೇಲ್ಮನವಿಯಲ್ಲಿ ಅದನ್ನು 7 ಶೇಕಡಕ್ಕೆ ಏರಿಸಲಾಯಿತು. ಇದು ಭಾರತದ ಮೊದಲ ಕಡ್ಡಾಯ ಪರವಾನಗಿ. ಮುಂಬಯಿ ಉಚ್ಚ ನ್ಯಾಯಾಲಯವು 2014ರಲ್ಲಿ ಇದನ್ನು ಸ್ಥಿರೀಕರಿಸಿತು.

ಆದರೂ ಹೊಸ ಔಷಧಿಯ ಸಂಶೋಧನೆಗೆ ಅಪಾರ ಹಣವೂ ಹಲವು ವರ್ಷಗಳ ದುಡಿಮೆಯೂ ಬೇಕಾಗುತ್ತವೆ, ಅವು ಮರಳಿ ಬರುವ ಭರವಸೆಯಿಲ್ಲದಿದ್ದರೆ ಯಾರೂ ಆ ಸಾಹಸಕ್ಕೆ ಇಳಿಯಲಾರರು ಎಂಬ ಮಾತನ್ನೂ ಮರೆಯುವಂತಿಲ್ಲ. ಬೆಲೆಯನ್ನು ತಗ್ಗಿಸಲು ಇನ್ನೊಂದು ಹಾದಿಯೆಂದರೆ ಸಂಶೋಧನೆಯನ್ನು ದೇಶದಲ್ಲಿಯೇ ನಡೆಸುವುದು. ನವಿ ಮುಂಬಯಿಯ ಖಾರ್‌ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಸಂಸ್ಥೆ ಇದಕ್ಕೆ ನಿದರ್ಶನ. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರಗಳು ಕೂಡಿ ರಕ್ತದ ಕೆಲವು ಬಗೆಯ ಕ್ಯಾನ್ಸರಿಗೆ ಜೀವಕೋಶ ಚಿಕಿತ್ಸೆಯೊಂದನ್ನು ರೂಪಿಸಿದವು. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶವನ್ನು ಗುರುತಿಸುವ ಶಕ್ತಿಯನ್ನು ಅವಕ್ಕೆ ಜೋಡಿಸಿ, ಬೆಳೆಸಿ, ಮತ್ತೆ ಅದೇ ರೋಗಿಯ ದೇಹಕ್ಕೆ ಸೇರಿಸುವುದು ಇದರ ಕ್ರಮ. ವಿದ್ಯಾಸಂಸ್ಥೆಯಿಂದಲೇ ಮೂಡಿಬಂದ ಇಮ್ಯುನೋಆಕ್ಟ್ ಎಂಬ ಕಂಪನಿ ಇದನ್ನು ತಯಾರಿಕೆಗೆ ತಂದಿತು. 2023ರ ಅಕ್ಟೋಬರಿನಲ್ಲಿ ಇದಕ್ಕೆ ಅನುಮತಿ ದೊರೆಯಿತು. ಇಂತಹ ಚಿಕಿತ್ಸೆಗೆ ವಿದೇಶಗಳಲ್ಲಿ ಕೋಟಿಗಟ್ಟಲೆ ರೂಪಾಯಿ ಬೇಕಾಗುತ್ತದೆ. ಇಲ್ಲಿ ಅದರ ಒಂದು ಅಂಶಕ್ಕೆ ದೊರೆಯುವಂತಾಯಿತು. ಸಾಮಾನ್ಯ ಕುಟುಂಬಕ್ಕೆ ಅದೂ ದೊಡ್ಡ ಮೊತ್ತವೇ ಆಗಿದ್ದರೂ ದಿಕ್ಕು ಸರಿಯಾದದ್ದು.

ಶುಶ್ರೂಷೆಯ ಸಾಧನಗಳು

ರೋಗಿ, ಶಿಶು, ವೃದ್ಧ ಮತ್ತು ಅಂಗವಿಕಲರ ಆರೈಕೆಗೆ ಬಳಸುವ ಸಾಧನಗಳು ನೋಡಲು ಸರಳವಾಗಿದ್ದರೂ ಅವುಗಳ ಹಿಂದಿನ ಚಿಂತನೆ ಆಳವಾದದ್ದು. ಕೋವಿಡ್ ಸಮಯದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರ್ ಇದಕ್ಕೆ ಸಾಕ್ಷಿ. ಆಮ್ಲಜನಕ ತುಂಬಿದ ರಕ್ತವೂ ಬರಿದಾದ ರಕ್ತವೂ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಮಿಡಿತದೊಂದಿಗೆ ಏರಿಳಿಯುವ ಬೆಳಕಿನ ಅಂಶವನ್ನು ಮಾತ್ರ ಆರಿಸಿ ಅಳೆದರೆ ಅಪಧಮನಿಯ ರಕ್ತದ ಸ್ಥಿತಿ ತಿಳಿಯುತ್ತದೆ ಎಂಬುದನ್ನು ಜಪಾನಿನ ತಾಕುವೊ ಅವೊಯಾಗಿ ಕಂಡುಕೊಂಡರು. ಅವರ ಕಂಪನಿ 1974ರ ಮಾರ್ಚ್ 29ರಂದು ಪೇಟೆಂಟು ಅರ್ಜಿ ಸಲ್ಲಿಸಿತು. ಇಂತಹುದೇ ವಿಚಾರದ ಮೇಲೆ ಮತ್ತೊಂದು ಜಪಾನೀ ಕಂಪನಿ ಅರ್ಜಿ ಸಲ್ಲಿಸಿದ್ದು ಏಪ್ರಿಲ್ 24ರಂದು. ನಾಲ್ಕು ವಾರಗಳೂ ಪೂರ್ಣವಾಗಿ ಕಳೆದಿರಲಿಲ್ಲ. ಮೊದಲು ಅರ್ಜಿ ಸಲ್ಲಿಸಿದವನಿಗೇ ಹಕ್ಕು ಎಂಬ ನಿಯಮದ ಮಹತ್ವ ಇದರಿಂದ ಮನದಟ್ಟಾಗುತ್ತದೆ.

ಅವಧಿಗೆ ಮುಂಚೆ ಹುಟ್ಟಿದ, ಕಡಿಮೆ ತೂಕದ ಶಿಶುಗಳ ಮೈಯಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಅವು ಬೇಗ ತಣ್ಣಗಾಗುತ್ತವೆ. ಅದರಿಂದಲೇ ಸಾವೂ ಸಂಭವಿಸಬಹುದು. ವಿದ್ಯುತ್ ಸರಬರಾಜು ಖಚಿತವಿಲ್ಲದ ಕಡೆಗಳಲ್ಲಿ ದೊಡ್ಡ ಶಾಖಪೆಟ್ಟಿಗೆಗಳು ಉಪಯೋಗಕ್ಕೆ ಬಾರವು. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ‘ಎಂಬ್ರೇಸ್’ ಎಂಬ ಸಾಧನವನ್ನು ಬೆಂಗಳೂರಿನಲ್ಲಿ ನೆಲೆಗೊಂಡು ಪರಿಷ್ಕರಿಸಿ 2011ರ ಹೊತ್ತಿಗೆ ಬಳಕೆಗೆ ತರಲಾಯಿತು. ಇದು ಶಿಶುವನ್ನು ಮಲಗಿಸುವ ಚಿಕ್ಕ ಚೀಲ. ಅದರೊಳಗಿನ ಮೇಣದಂತಹ ಪದಾರ್ಥವನ್ನು ಒಮ್ಮೆ ಕಾಯಿಸಿ ಕರಗಿಸಿದರೆ, ಅದು ಮತ್ತೆ ಗಟ್ಟಿಯಾಗುತ್ತ ಸುಮಾರು 4ರಿಂದ 6 ಗಂಟೆಗಳ ಕಾಲ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಶಾಖವನ್ನು ನೀಡುತ್ತದೆ. ಕರಗಿದ ವಸ್ತು ಗಟ್ಟಿಯಾಗುವಾಗ ಶಾಖ ಬಿಡುತ್ತದೆ ಎಂಬ ತತ್ತ್ವ ಯಾರ ಸ್ವತ್ತೂ ಅಲ್ಲ. ಆ ತತ್ತ್ವವನ್ನು ಶಿಶುವಿಗೆ ಸುರಕ್ಷಿತವಾಗಿ ಒದಗಿಸುವ ಸಾಧನವು ಪೇಟೆಂಟಿಗೆ ವಿಷಯವಾಗಬಲ್ಲದು.

ಪೇಟೆಂಟು ಬೇಡವೆಂದು ಬಿಟ್ಟುಕೊಟ್ಟ ಮಹನೀಯರೂ ಇದ್ದಾರೆ. ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ.ಕೆ. ಸೇಠಿ ಅವರು 1960ರ ದಶಕದ ಕೊನೆಯಲ್ಲಿ ರಬ್ಬರಿನ ಕೃತಕ ಪಾದವನ್ನು ರೂಪಿಸಿದರು. ಬರಿಗಾಲಿನಲ್ಲಿ ನಡೆಯಲು, ನೆಲದ ಮೇಲೆ ಕುಳಿತುಕೊಳ್ಳಲು, ಹೊಲದಲ್ಲಿ ಕೆಲಸ ಮಾಡಲು ಒದಗುವ ಈ ‘ಜಯಪುರ ಪಾದ’ಕ್ಕೆ ಪೇಟೆಂಟು ಪಡೆಯಲಿಲ್ಲ. ಫಲವಾಗಿ ಅದು ಅನೇಕ ದೇಶಗಳಲ್ಲಿ ಪ್ರಚಾರಕ್ಕೆ ಬಂದಿತು. ಹಕ್ಕನ್ನು ಪಡೆಯುವುದೂ ಬಿಡುವುದೂ ಆವಿಷ್ಕರ್ತನ ವಿವೇಚನೆಗೆ ಸೇರಿದ್ದು. ಆದರೆ ಅದು ತಿಳಿದು ಮಾಡಿದ ನಿರ್ಧಾರವಾಗಿರಬೇಕು, ಅಜ್ಞಾನದಿಂದ ಕಳೆದುಕೊಂಡದ್ದಾಗಿರಬಾರದು.

ಅರ್ಜಿ ಸಲ್ಲಿಸುವ ಕ್ರಮ

ಭಾರತದಲ್ಲಿ ಕೋಲ್ಕತ, ದೆಹಲಿ, ಚೆನ್ನೈ ಮತ್ತು ಮುಂಬಯಿಗಳಲ್ಲಿ ಪೇಟೆಂಟು ಕಚೇರಿಗಳಿವೆ. ಮುಂಬ್ರಾ, ಠಾಣೆ, ಕಲ್ಯಾಣಗಳ ನಿವಾಸಿಗಳು ಮುಂಬಯಿ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಕರ್ನಾಟಕದವರು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಅರ್ಜಿಯನ್ನು ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ಅರ್ಜಿ ಮತ್ತು ವಿವರಣೆ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. 2024ರ ನಿಯಮಗಳ ಪ್ರಕಾರ ಸಾಮಾನ್ಯ ವ್ಯಕ್ತಿಗಳು, ಸಣ್ಣ ಉದ್ಯಮಗಳು ಹಾಗೂ ವಿದ್ಯಾಸಂಸ್ಥೆಗಳಿಗೆ ಅಂತರ್ಜಾಲದ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ, ಪರೀಕ್ಷಣೆಯ ಕೋರಿಕೆಗೆ 4,000 ರೂಪಾಯಿ. ದೊಡ್ಡ ಕಂಪನಿಗಳಿಗೆ ಇದು ಐದು ಪಟ್ಟು.

ಆವಿಷ್ಕಾರವು ಇನ್ನೂ ಪೂರ್ಣರೂಪ ತಾಳದಿದ್ದರೆ ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿ ದಿನಾಂಕವನ್ನು ಕಾಯ್ದಿರಿಸಬಹುದು. 12 ತಿಂಗಳೊಳಗೆ ಪೂರ್ಣ ವಿವರಣೆ ಒಪ್ಪಿಸಬೇಕು. ಸಾಮಾನ್ಯವಾಗಿ 18 ತಿಂಗಳ ಬಳಿಕ ಅರ್ಜಿ ಪ್ರಕಟವಾಗುತ್ತದೆ. ಪರೀಕ್ಷಣೆಯ ಕೋರಿಕೆಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಸಲ್ಲಿಸದಿದ್ದರೆ ಅರ್ಜಿ ಹಿಂತೆಗೆದುಕೊಂಡಂತೆ ಆಗುತ್ತದೆ. ಪರೀಕ್ಷಕರು ಎತ್ತಿದ ಆಕ್ಷೇಪಗಳಿಗೆ ಸಮಾಧಾನ ನೀಡಿದ ಅನಂತರ ಪೇಟೆಂಟು ಮಂಜೂರಾಗುತ್ತದೆ. ಮಂಜೂರಾದ ಒಂದು ವರ್ಷದೊಳಗೆ ಆಸಕ್ತರು ಮತ್ತೆ ವಿರೋಧ ಸಲ್ಲಿಸಬಹುದು. ಭಾರತದ ಪೇಟೆಂಟು ಭಾರತದಲ್ಲಿ ಮಾತ್ರ ಊರ್ಜಿತ; ಬೇರೆ ದೇಶಗಳಲ್ಲಿ ರಕ್ಷಣೆ ಬೇಕಿದ್ದರೆ ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಕ್ರಮ ಕೈಗೊಳ್ಳಬೇಕು.

ಆವಿಷ್ಕರ್ತರು ನೆನಪಿಡಬೇಕಾದ ಅತಿ ಮುಖ್ಯ ಸಂಗತಿಯೊಂದಿದೆ. ಅರ್ಜಿ ಸಲ್ಲಿಸುವ ಮುನ್ನ ಆವಿಷ್ಕಾರವನ್ನು ಪತ್ರಿಕೆಯಲ್ಲಿ ಪ್ರಕಟಿಸಿದರೆ, ಜನರೆದುರು ಪ್ರದರ್ಶಿಸಿದರೆ ಅಥವಾ ಮಾರಾಟಕ್ಕೆ ಇಟ್ಟರೆ ನವೀನತೆ ನಷ್ಟವಾಗಿ ಹಕ್ಕು ಕೈತಪ್ಪಬಹುದು. ಕಾನೂನು ಕೊಡುವ ವಿನಾಯಿತಿಗಳು ಕೆಲವೇ. ಆದ್ದರಿಂದ ಮೊದಲು ಅರ್ಜಿ, ಅನಂತರ ಪ್ರಚಾರ ಎಂಬ ಕ್ರಮವನ್ನು ಪಾಲಿಸತಕ್ಕದ್ದು. ಹಾಗೆಯೇ, ಅರ್ಜಿಗೆ ಮುಂಚೆ ಈಗಾಗಲೇ ಪ್ರಕಟವಾಗಿರುವ ಪೇಟೆಂಟುಗಳನ್ನು ಹುಡುಕಿ ನೋಡುವುದು ಅವಶ್ಯಕ. ಪೇಟೆಂಟು ಕಚೇರಿಯ ಅಂತರ್ಜಾಲ ತಾಣದಲ್ಲಿ ಈ ಹುಡುಕಾಟಕ್ಕೆ ಶುಲ್ಕವಿಲ್ಲ. ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟು ಮಾಹಿತಿ ಕೇಂದ್ರವಿದೆ. ಔಪಚಾರಿಕ ಶಿಕ್ಷಣವಿಲ್ಲದ ಗ್ರಾಮೀಣ ಆವಿಷ್ಕರ್ತರಿಗೆ 2000ದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ನೆರವು ನೀಡುತ್ತ ಬಂದಿದೆ.

2023–24ನೆಯ ಸಾಲಿನಲ್ಲಿ ಭಾರತದ ಪೇಟೆಂಟು ಕಚೇರಿಗಳು ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟುಗಳನ್ನು ಮಂಜೂರು ಮಾಡಿದವು. ಸಂಖ್ಯೆ ಬೆಳೆಯುವುದು ಸಂತೋಷದ ವಿಷಯವೇ. ಆದರೆ ಪೇಟೆಂಟು ವ್ಯವಸ್ಥೆಯ ಸಾರ್ಥಕ್ಯವು ಸಂಖ್ಯೆಯೊಂದರಲ್ಲಿಯೇ ಇಲ್ಲ. ಹೊಸದನ್ನು ಕಂಡುಹಿಡಿದವನಿಗೆ ನ್ಯಾಯವಾದ ಪ್ರತಿಫಲ ದೊರೆಯಬೇಕು. ಹೊಸದಲ್ಲದ್ದಕ್ಕೆ ಏಕಸ್ವಾಮ್ಯ ದೊರೆಯಬಾರದು. ಅವಶ್ಯಕ ಔಷಧಿಯೂ ಸಾಧನವೂ ಬೇಕಾದವರಿಗೆ ತಲುಪಬೇಕು. ಈ ಮೂರನ್ನೂ ಸಾಧಿಸುವ ಉಪಾಯಗಳು ಕಾಯಿದೆಯಲ್ಲಿ ಇವೆ. ಅರ್ಜಿ ಸಲ್ಲಿಸುವ ಕುಶಲಕರ್ಮಿಗೂ ತಕರಾರು ಸಲ್ಲಿಸುವ ರೋಗಿಗೂ ಅದರ ಬಾಗಿಲು ತೆರೆದಿದೆ. ಅವುಗಳನ್ನು ತಿಳಿದುಕೊಂಡು ಉಪಯೋಗಿಸಿಕೊಳ್ಳುವುದು ನಾಗರಿಕರಿಗೆ ಸೇರಿದ್ದು.